ಅಯೋವಾದ ಜೆಫರ್ಸನ್ ಕೌಂಟಿಗೆ ‘ಮೊದಲು ಬಂದವರು’ ಯಾರು?

ಫೇರ್‌ಫೀಲ್ಡ್ ಹುಡುಗ

ಎಲ್ಲರಿಗೂ ನಮಸ್ಕಾರ. ಅಯೋವಾ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಎಂ.ಎಸ್. ಓದುತ್ತಿದ್ದೇನೆ. ಹೌದು, ಮಹರ್ಷಿ ಮಹೇಶ ಯೋಗಿಯವರ ಹೆಸರಿನ ಯೂನಿವರ್ಸಿಟಿ ಇರುವ ಅದೇ ಊರು. ಧ್ಯಾನದ ಚರ್ಚೆ ದಯವಿಟ್ಟು ಇಲ್ಲಿ ಬೇಡ. ನನ್ನ ಪ್ರಶ್ನೆ ಈ ಊರಿರುವ ಜೆಫರ್ಸನ್ ಕೌಂಟಿಯ ಬಗ್ಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ).

ಇಲ್ಲಿ ಯಾರನ್ನು ಕೇಳಿದರೂ ಇತಿಹಾಸ 1830ರ ದಶಕದಿಂದಲೇ ಶುರು. ಬಾನಿಫೀಲ್ಡ್ ಕುಟುಂಬ 1838ರಲ್ಲಿ ಕಟ್ಟಿದ ಎರಡಂತಸ್ತಿನ ಮರದ ದಿಮ್ಮಿ ಮನೆ ಇವತ್ತೂ ಪಾರ್ಕಿನಲ್ಲಿದೆ. 1839ರ ಜನವರಿಯಲ್ಲಿ ಪಕ್ಕದ ಹೆನ್ರಿ ಕೌಂಟಿಯಿಂದ ಜಾಗ ಒಡೆದು ಜೆಫರ್ಸನ್ ಕೌಂಟಿ ಮಾಡಿದರು. ಅದೇ ವರ್ಷ ಫೇರ್‌ಫೀಲ್ಡ್ ಹುಟ್ಟಿತು. ಅದಕ್ಕೂ ಮುಂಚೆ? ‘ಬರೀ ಹುಲ್ಲು, ಖಾಲಿ ಜಾಗ’ ಅನ್ನುತ್ತಾರೆ.

ನನಗೆ ಇದು ಯಾಕೋ ಒಪ್ಪಿಗೆಯಾಗುತ್ತಿಲ್ಲ. ಇಷ್ಟು ಕಪ್ಪು ಮಣ್ಣು, ಹಳ್ಳ, ಕಾಡು ಇರುವ ಕಡೆ ಯಾರೂ ಇರಲಿಲ್ವಾ? 1840ರ ಜನಗಣತಿಯಲ್ಲಿ ಇಲ್ಲಿ 2,773 ಜನ, 1850ರಲ್ಲಿ 9,904. ಆಗ ರೈಲೂ ಇರಲಿಲ್ಲ. ಇಷ್ಟು ಬೇಗ ತುಂಬಿದ್ದು ಹೇಗೆ? ಇವರಿಗೆ ಜಮೀನು ಕೊಟ್ಟವರು ಯಾರು?

ಹಳೇ ನಕ್ಷೆ

ಖಾಲಿ ಏನೂ ಇರಲಿಲ್ಲ. ಖಾಲಿ ಮಾಡಿಸಿದ್ದು. ಅದಕ್ಕೆ ತಾರೀಖುಗಳೇ ಇವೆ.

ಅಲ್ಲಿ ಇದ್ದವರು ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನ. ಸರ್ಕಾರಿ ಕಾಗದದಲ್ಲಿ ಇವರಿಬ್ಬರನ್ನೂ ಸೇರಿಸಿ ‘ಸ್ಯಾಕ್ ಅಂಡ್ ಫಾಕ್ಸ್’ ಎಂದು ಬರೆದರು. ಅವರಿಗಿಂತ ಹಿಂದೆ ಅಯೋವೇ ಜನ ಇದ್ದರು, ರಾಜ್ಯಕ್ಕೆ ಹೆಸರು ಬಂದಿದ್ದು ಅವರಿಂದ. ಅವರನ್ನು 1836ರ ಒಪ್ಪಂದದಲ್ಲಿ ಮಿಸೌರಿ ನದಿಯ ಆಚೆಗೆ ಕಳಿಸಿದರು.

1804ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಲವೇ ಮುಖಂಡರ ಕೈಯಲ್ಲಿ ರುಜು ಹಾಕಿಸಿಕೊಂಡು, ಮಿಸಿಸಿಪ್ಪಿ ನದಿಯ ಪೂರ್ವದ ಜಮೀನೆಲ್ಲ ನಮ್ಮದು ಎಂದಿತು ಅಮೆರಿಕ ಸರ್ಕಾರ. ಸಾಕ್ ಮುಖಂಡ ಬ್ಲ್ಯಾಕ್ ಹಾಕ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ರುಜು ಹಾಕಿದವರಿಗೆ ಜಮೀನು ಮಾರುವ ಅಧಿಕಾರವೇ ಇರಲಿಲ್ಲ ಅನ್ನುವುದು ಅವನ ವಾದ. 1832ರ ಏಪ್ರಿಲ್‌ನಲ್ಲಿ ಹೆಂಗಸರು ಮಕ್ಕಳು ಸೇರಿ ಸುಮಾರು ಸಾವಿರ ಜನರನ್ನು ಕರೆದುಕೊಂಡು ನದಿ ದಾಟಿ ಇಲಿನಾಯ್‌ನ ತನ್ನ ಹಳೇ ಊರಿನ ಕಡೆ ಹೊರಟ. ಆಗಸ್ಟ್ ಹೊತ್ತಿಗೆ ಬ್ಯಾಡ್ ಆಕ್ಸ್ ಎಂಬಲ್ಲಿ ಸೈನ್ಯ ಅವರನ್ನು ಅಟ್ಟಾಡಿಸಿ ಕೊಂದಿತು. ನದಿ ಈಜಿ ತಪ್ಪಿಸಿಕೊಳ್ಳುತ್ತಿದ್ದವರನ್ನೂ ಬಿಡಲಿಲ್ಲ.

ಸೆಪ್ಟೆಂಬರ್ 21ಕ್ಕೆ ಒಪ್ಪಂದ. ಬ್ಲ್ಯಾಕ್ ಹಾಕ್ ಆಗ ಜೈಲಿನಲ್ಲಿ. ಯುದ್ಧಕ್ಕೇ ಹೋಗದ ಇನ್ನೊಬ್ಬ ಸಾಕ್ ಮುಖಂಡ ಕಿಯೋಕಕ್ ಸರ್ಕಾರದ ಜೊತೆ ಮಾತಾಡಿದ. ನದಿಯ ಪಶ್ಚಿಮ ದಂಡೆಗೆ ಅಂಟಿಕೊಂಡ ಸುಮಾರು 50 ಮೈಲಿ ಅಗಲದ ಪಟ್ಟಿ, ಹತ್ತಿರ ಹತ್ತಿರ 60 ಲಕ್ಷ ಎಕರೆ, ಕೈಬಿಟ್ಟು ಹೋಯಿತು. 1833ರ ಜೂನ್ 1ರಿಂದ ಬಿಳಿಯರು ಬರಬಹುದು ಎಂದಾಯಿತು. ನಿಮ್ಮ ಕೌಂಟಿಯ ಪೂರ್ವದ ಭಾಗ ಇದರಲ್ಲಿ ಬಂತು. ಪಶ್ಚಿಮದ ಕಡೆಯದು 1837ರ ಇನ್ನೊಂದು ಒಪ್ಪಂದದ್ದು, ಅದು ಹನ್ನೆರಡೂವರೆ ಲಕ್ಷ ಎಕರೆ.

ಮಂಡ್ಯದ ಗೌಡ

ಎಕರೆಗೆ ಎಷ್ಟು ಬಿತ್ತು? ಅದನ್ನು ಹೇಳಿ ಮೊದಲು.

ಹಳೇ ನಕ್ಷೆ

ಗೌಡ್ರೇ, 1832ರ ಲೆಕ್ಕ ಸುಲಭ. ವರ್ಷಕ್ಕೆ 20,000 ಡಾಲರ್, 30 ವರ್ಷ. ಅದರ ಮೇಲೆ ಅವರು ವ್ಯಾಪಾರಿಗಳಿಗೆ ಕೊಡಬೇಕಿದ್ದ 40,000 ಡಾಲರ್ ಸಾಲ ಸರ್ಕಾರವೇ ತೀರಿಸುವುದು. ಒಟ್ಟು 6 ಲಕ್ಷ 40 ಸಾವಿರ. ಭಾಗಿಸಿ ನೋಡಿ, ಎಕರೆಗೆ ಹನ್ನೊಂದು ಸೆಂಟ್ ಆಸುಪಾಸು. ಅದೂ ಮೂವತ್ತು ವರ್ಷದ ಕಂತಿನಲ್ಲಿ. ಅದೇ ಜಮೀನನ್ನು ಸರ್ಕಾರ ರೈತರಿಗೆ ಮಾರಿದ್ದು ಎಕರೆಗೆ ಕನಿಷ್ಠ 1.25 ಡಾಲರ್‌ಗೆ, ರೊಕ್ಕ ಕೈಗೆ.

ಮಂಡ್ಯದ ಗೌಡ

ಹನ್ನೊಂದು ಪಟ್ಟು! ನಮ್ಮ ಲೇಔಟ್ ಮಾಡುವವರು ಇವರ ಹತ್ತಿರ ಟ್ಯೂಷನ್‌ಗೆ ಹೋಗಬೇಕು.

ಡಾಲಸ್ ಪ್ರಕಾಶ

ಇಷ್ಟೆಲ್ಲ ಭಾವುಕರಾಗುವುದು ಬೇಡ. ಒಪ್ಪಂದ ಅಂದರೆ ಒಪ್ಪಂದ. ರುಜು ಮಾಡಿದ್ದಾರೆ, ದುಡ್ಡು ಇಸ್ಕೊಂಡಿದ್ದಾರೆ. ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಬಡವರಿಗೆ 160 ಎಕರೆ ಪುಕ್ಕಟೆ ಕೊಟ್ಟು ದೇಶ ಕಟ್ಟಿದರು. ಇವತ್ತು ಆ ರಾಜ್ಯದ ಮೆಕ್ಕೆಜೋಳ, ಸೋಯಾ ಇಲ್ಲದೆ ಪ್ರಪಂಚ ನಡೆಯುತ್ತಾ?

ಹೊಲದ ಬದು

ಪ್ರಕಾಶ್ ಅವರೇ, ಹೋಮ್‌ಸ್ಟೆಡ್ ಕಾಯ್ದೆ ಬಂದಿದ್ದು 1862ರಲ್ಲಿ. ಜಾರಿ 1863ರ ಜನವರಿ 1ರಿಂದ. 1860ಕ್ಕೇ ಜೆಫರ್ಸನ್ ಕೌಂಟಿಯಲ್ಲಿ 15 ಸಾವಿರ ಜನ ಇದ್ದರು. ಆ ಕಾಯ್ದೆ ನೆಬ್ರಾಸ್ಕಾ, ಡಕೋಟಾ ಕಡೆ ದೊಡ್ಡದಾಗಿ ನಡೆಯಿತು. ಇಲ್ಲಿ ಜನ ಮೊದಲು ಬಂದು ಕೂತರು, ಆಮೇಲೆ ಕಾಸು ಕೊಟ್ಟು ಕೊಂಡರು.

ನಿವೃತ್ತ ಸರ್ವೆಯರ್

‘ಮೊದಲು ಬಂದು ಕೂತರು’ ಅಂದಿರಲ್ಲ, ಅದು ನಮ್ಮ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಪಕ್ಕಾ ಬಗರ್ ಹುಕುಂ. ಸರ್ವೆ ಆಗಿಲ್ಲ, ಹರಾಜು ಆಗಿಲ್ಲ, ಹಕ್ಕುಪತ್ರ ಇಲ್ಲ. ಮರಕ್ಕೆ ಕಚ್ಚು ಹಾಕಿ, ನಾಲ್ಕು ದಿಮ್ಮಿ ಜೋಡಿಸಿ ‘ಇದು ನಂದು’ ಅನ್ನುವುದು. ಕಾನೂನು ಪ್ರಕಾರ ಅವರೆಲ್ಲ ಅತಿಕ್ರಮಣದಾರರು. ವ್ಯತ್ಯಾಸ ಏನೆಂದರೆ ನಮ್ಮವರು ಫಾರಂ 50, 53, 57 ಹಾಕಿಕೊಂಡು ಸಮಿತಿ ಯಾವಾಗ ಸೇರುತ್ತದೋ ಎಂದು ಕಾಯುತ್ತಾರೆ. ಅವರು ತಾವೇ ಸಮಿತಿ ಮಾಡಿಕೊಂಡರು. ಕ್ಲೇಮ್ ಕ್ಲಬ್ ಅಂತ ಹೆಸರು.

ಅದರ ಕೆಲಸ ಹೀಗೆ. ಯಾರ ತುಂಡು ಎಲ್ಲಿ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು. ಜಗಳ ಬಂದರೆ ಪಂಚಾಯಿತಿ ಮಾಡುವುದು. ಸರ್ಕಾರ ಹರಾಜು ಇಟ್ಟ ದಿನ ಎಲ್ಲರೂ ಒಟ್ಟಿಗೆ ಹೋಗಿ ನಿಲ್ಲುವುದು. ಕ್ಲಬ್ಬಿನ ಪರವಾಗಿ ಒಬ್ಬನೇ ಒಂದೊಂದೇ ತುಂಡಿಗೆ 1.25 ಡಾಲರ್ ಕೂಗುತ್ತಾನೆ. ಹೊರಗಿನವನು ಯಾರಾದರೂ ಒಂದು ಸೆಂಟ್ ಜಾಸ್ತಿ ಕೂಗಿದರೆ ಅವನ ಕೈಕಾಲು ಉಳಿಯುವುದು ಕಷ್ಟ. ಹರಾಜು ಅನ್ನುವುದು ಹೆಸರಿಗೆ ಮಾತ್ರ.

1841ರಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ಮಾಡಿ, ಬಂದು ಕೂತವನಿಗೆ 160 ಎಕರೆಯವರೆಗೆ ಹರಾಜಿಲ್ಲದೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿತು. 1842ರಲ್ಲಿ ಜಮೀನು ಮಾರಾಟದ ಸರ್ಕಾರಿ ಕಚೇರಿ ಬರ್ಲಿಂಗ್ಟನ್‌ನಿಂದ ಫೇರ್‌ಫೀಲ್ಡ್‌ಗೇ ಬಂತು. ಊರು ಬೆಳೆದಿದ್ದು ಯಾಕೆ ಎಂದು ಇನ್ನು ಬೇರೆ ಹೇಳಬೇಕಾ? ಸುತ್ತಲಿನ ಕೌಂಟಿಗಳ ರೈತರೆಲ್ಲ ದುಡ್ಡಿನ ಗಂಟು ಹಿಡಿದು ಅಲ್ಲಿಗೇ ಬರಬೇಕು.

ಸುಮಾ ಇನ್ ಶಿಕಾಗೋ

ಆ ದುಡ್ಡು ಎಲ್ಲಿಂದ ಬಂತು ಸಾರ್? 160 ಎಕರೆಗೆ 200 ಡಾಲರ್. ಆ ಕಾಲಕ್ಕೆ ಸಣ್ಣ ಮೊತ್ತ ಅಲ್ಲ.

ನಿವೃತ್ತ ಸರ್ವೆಯರ್

ಒಳ್ಳೆ ಪ್ರಶ್ನೆ ಮೇಡಂ. ಎಷ್ಟೋ ಜನ ಸಾಲ ತಂದರು. ಪೂರ್ವದ ರಾಜ್ಯಗಳ ದುಡ್ಡಿನವರ ಏಜೆಂಟರು ಊರೂರಲ್ಲಿ ಕೂತಿದ್ದರು. ಜಮೀನನ್ನು ಸಾಲ ಕೊಟ್ಟವನ ಹೆಸರಿಗೇ ಕೊಂಡು, ಬಡ್ಡಿ ಸಮೇತ ತೀರಿಸಿದ ಮೇಲೆ ರೈತನ ಹೆಸರಿಗೆ ಮಾಡಿಕೊಡುವುದು. ಬಡ್ಡಿ ಶೇಕಡಾ 40ರ ತನಕ ಹೋಗುತ್ತಿತ್ತು.

ಮಂಡ್ಯದ ಗೌಡ

ಮೀಟರ್ ಬಡ್ಡಿ ಅಲ್ಲೂ ಇತ್ತಾ!

ಫೇರ್‌ಫೀಲ್ಡ್ ಹುಡುಗ

ಸರ್ವೆಯರ್ ಸಾರ್, ನೀವು ಸಿಕ್ಕಿದ್ದು ಒಳ್ಳೇದಾಯಿತು. ಇಲ್ಲಿನ ಹಳ್ಳಿ ರಸ್ತೆಗಳೆಲ್ಲ ಮೈಲಿಗೊಂದರಂತೆ ನೆಟ್ಟಗೆ ಹೋಗುತ್ತವೆ. ಆದರೆ ಕೆಲವು ಕಡೆ ಕಾರಣವೇ ಇಲ್ಲದೆ ಪಕ್ಕಕ್ಕೆ ಸೊಟ್ಟಗೆ ತಿರುಗಿ ಮತ್ತೆ ನೆಟ್ಟಗಾಗುತ್ತವೆ. ಅಲ್ಲಿ ಹಳ್ಳವೂ ಇಲ್ಲ, ದಿಬ್ಬವೂ ಇಲ್ಲ.

ನಿವೃತ್ತ ಸರ್ವೆಯರ್

ತಮ್ಮಾ, ಅದು ಭೂಮಿ ದುಂಡಗಿರುವುದಕ್ಕೆ ಕೊಟ್ಟ ದಂಡ.

1785ರ ಕಾಯ್ದೆ ಪ್ರಕಾರ ಜಮೀನನ್ನು 6 ಮೈಲಿಗೆ 6 ಮೈಲಿ ಚೌಕಗಳಾಗಿ ಅಳೆದರು. ಇದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್. ಒಂದು ಸೆಕ್ಷನ್ 640 ಎಕರೆ. ಅದರ ಕಾಲು ಭಾಗ 160. 16ನೇ ಸೆಕ್ಷನ್ ಶಾಲೆಗೆ ಮೀಸಲು. ರಸ್ತೆಗಳು ಸೆಕ್ಷನ್ ಗಡಿಯ ಮೇಲೇ ಬಂದವು, ಅದಕ್ಕೇ ಮೈಲಿಗೊಂದು. ಈಗ ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಹತ್ತಿರವಾಗುತ್ತವೆ, ಅಲ್ವಾ? ಚೌಕ ಚೌಕವಾಗಿ ಉಳಿಯುವುದಿಲ್ಲ. ಆದ್ದರಿಂದ ಅಲ್ಲಲ್ಲಿ ತಿದ್ದುಪಡಿ ಗೆರೆ ಹಾಕಿ ಅಳತೆಯನ್ನು ಹೊಸದಾಗಿ ಶುರು ಮಾಡುತ್ತಾರೆ. ಆ ಗೆರೆ ದಾಟುವಾಗ ರಸ್ತೆ ಪಕ್ಕಕ್ಕೆ ಸರಿಯುತ್ತದೆ.

ಈ ಚೌಕದ ಐಡಿಯಾ ಮೊದಲು ಇಟ್ಟ ಸಮಿತಿಗೆ ಅಧ್ಯಕ್ಷ ಥಾಮಸ್ ಜೆಫರ್ಸನ್. 1784ರಲ್ಲಿ ಅವನು ಹೇಳಿದ್ದು 10 ಮೈಲಿ ಚೌಕ, ಮರುವರ್ಷ ಅದನ್ನು 6ಕ್ಕೆ ಇಳಿಸಿದರು. ಅವನ ಹೆಸರಿನ ಕೌಂಟಿ ಅವನದೇ ಚೌಕದೊಳಗೆ ಕೂತಿದೆ.

ಇನ್ನೊಂದು ಮಜಾ. ಅಳೆದಿದ್ದು ಗಂಟರ್ ಸರಪಳಿಯಲ್ಲಿ, ಉದ್ದ 66 ಅಡಿ. 80 ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಅಂದರೆ ಅದೇ ಸರಪಳಿಯ ಅರ್ಧ. ನಲವತ್ತು ಗುಂಟೆಗೆ ಎಕರೆ ಸರಿಯಾಗಿ ಕೂರುವುದು ಅದಕ್ಕೇ. ಮೈಸೂರಿನ ರೈತನನ್ನೂ ಅಯೋವಾದ ರೈತನನ್ನೂ ಅಳೆದಿದ್ದು ಒಂದೇ ಕಬ್ಬಿಣ.

ಹೊಲದ ಬದು

ಇದನ್ನು ಪಿನ್ ಮಾಡಿ ಅಡ್ಮಿನ್.

ಡಾಲಸ್ ಪ್ರಕಾಶ

ಸರಿ, ಹೋಮ್‌ಸ್ಟೆಡ್ ಆಮೇಲಿನದು ಅಂತಿಟ್ಟುಕೊಳ್ಳಿ. ಆದರೂ ಆ ಜನ ಪಟ್ಟ ಕಷ್ಟ ಕಷ್ಟವೇ ತಾನೇ? ಎತ್ತಿನ ಗಾಡಿಯಲ್ಲಿ ಬಂದು, ಹುಲ್ಲಿನ ಬಯಲು ಉತ್ತು, ಚಳಿಯಲ್ಲಿ ಮಕ್ಕಳನ್ನು ಕಳೆದುಕೊಂಡು ಬದುಕಿದವರು. ಅವರನ್ನು ಕಳ್ಳರು ಅನ್ನೋದು ಎಷ್ಟು ಸರಿ?

ಅಯೋವಾ ಅಕ್ಕ

ಕಳ್ಳರು ಎಂದು ಇಲ್ಲಿ ಯಾರೂ ಅಂದಿಲ್ಲಪ್ಪ. ಕಷ್ಟ ಪಟ್ಟಿದ್ದೂ ನಿಜ, ಇನ್ನೊಬ್ಬರನ್ನು ಎಬ್ಬಿಸಿದ ಜಾಗದಲ್ಲಿ ಪಟ್ಟಿದ್ದೂ ನಿಜ.

ಉಳುವ ವಿಷಯ ಬಂತಲ್ಲ, ಹೇಳಲೇಬೇಕು. ಮೊದಲು ಬಂದವರು ಬಯಲಿಗೆ ಹೋಗಲೇ ಇಲ್ಲ. ಹಳ್ಳದ ಪಕ್ಕದ ಮರಗಳ ನಡುವೆ ಕೂತರು. ಮನೆಗೆ ಮರ ಬೇಕು, ಬೇಲಿಗೆ ಮರ ಬೇಕು, ಒಲೆಗೆ ಸೌದೆ ಬೇಕು, ಕುಡಿಯಲು ನೀರು ಬೇಕು. ಹುಲ್ಲಿನ ಬೇರು ಎಷ್ಟು ದಟ್ಟ ಅಂದರೆ ಮಾಮೂಲಿ ನೇಗಿಲು ನಾಟುತ್ತಿರಲಿಲ್ಲ. ಆ ಬಯಲನ್ನು ಮೊದಲ ಸಲ ಒಡೆಯುವುದಕ್ಕೇ ದೊಡ್ಡ ನೇಗಿಲು, ನಾಲ್ಕೈದು ಜೋಡಿ ಎತ್ತು ಇಟ್ಟುಕೊಂಡ ಬೇರೆ ಜನ ಇದ್ದರು, ಎಕರೆ ಲೆಕ್ಕದಲ್ಲಿ ಕೂಲಿ. ಜಿಗುಟು ಮಣ್ಣು ಅಂಟದ ಉಕ್ಕಿನ ನೇಗಿಲನ್ನು ಜಾನ್ ಡೀರ್ 1837ರಲ್ಲಿ ಇಲಿನಾಯ್‌ನಲ್ಲಿ ಮಾಡಿದ. ನಮ್ಮೂರ ಕಡೆ ಓಡಾಡುವ ಹಸಿರು ಟ್ರ್ಯಾಕ್ಟರ್ ಅದೇ ಹೆಸರಿನದು.

ಅಯೋವಾದ ಮುಕ್ಕಾಲು ಭಾಗಕ್ಕೂ ಜಾಸ್ತಿ ಈ ಹುಲ್ಲಿನ ಬಯಲೇ ಇತ್ತು. ಈಗ ಅದರಲ್ಲಿ ಸಾವಿರಕ್ಕೆ ಒಂದು ಪಾಲು ಕೂಡ ಉಳಿದಿಲ್ಲ. ನಾನು ರಾಜಧಾನಿ ಡಿ ಮೊಯಿನ್‌ಗೆ ಬಂದ ಹೊಸದರಲ್ಲಿ ಈ ಮೆಕ್ಕೆಜೋಳದ ಹೊಲಗಳನ್ನು ‘ಪ್ರಕೃತಿ’ ಎಂದುಕೊಂಡು ಫೋಟೋ ತೆಗೆದು ಅಮ್ಮನಿಗೆ ಕಳಿಸುತ್ತಿದ್ದೆ!

ಲಿಂಕೋಪಿಂಗ್ ಕನ್ನಡಿಗ

ಸ್ವೀಡನ್‌ನಿಂದ ಒಂದು ಸೇರ್ಪಡೆ. ಇದೇ ಜೆಫರ್ಸನ್ ಕೌಂಟಿಯಲ್ಲಿ ಲಾಕ್‌ರಿಜ್ ಹತ್ತಿರ ‘ನ್ಯೂ ಸ್ವೀಡನ್’ ಅನ್ನುವ ಜಾಗ ಇದೆ, ಹುಡುಕಿ. ನಮ್ಮೂರಿನಿಂದ ದಕ್ಷಿಣಕ್ಕೆ ಕೀಸಾ ಅನ್ನುವ ಸಣ್ಣ ಊರು. ಅಲ್ಲಿಂದ ಪೀಟರ್ ಕಾಸೆಲ್ ಅನ್ನುವ, ಐವತ್ತು ದಾಟಿದ ಮನುಷ್ಯ 1845ರಲ್ಲಿ ಒಂದಷ್ಟು ಕುಟುಂಬಗಳನ್ನು ಕಟ್ಟಿಕೊಂಡು ಹೊರಟ. ಹೊರಟಿದ್ದು ವಿಸ್ಕಾನ್ಸಿನ್‌ಗೆ. ನ್ಯೂಯಾರ್ಕ್‌ನಲ್ಲಿ ಸಿಕ್ಕ ಇನ್ನೊಬ್ಬ ಸ್ವೀಡನ್‌ನವನು ‘ಅಯೋವಾ ನೋಡಿ, ಅಲ್ಲಿ ಚೆನ್ನಾಗಿದೆ’ ಎಂದ. ಅಷ್ಟೇ, ದಾರಿ ಬದಲಾಯಿತು.

ಕಾಸೆಲ್ ಅಲ್ಲಿಂದ ಊರಿಗೆ ಕಾಗದ ಬರೆದ. ಮಣ್ಣು ಹಾಗೆ, ಬೆಳೆ ಹೀಗೆ, ಅಧಿಕಾರಿಗಳ ಕಾಟ ಇಲ್ಲ ಅಂತ. ಇಲ್ಲಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಓದಿದವರು ಗಂಟುಮೂಟೆ ಕಟ್ಟಿದರು. 1846ರಲ್ಲಿ ಅನ್ನಾ ಡಲಾಂಡರ್ ಎಂಬ ವಿಧವೆ ಹೆಂಗಸಿನ ಜೊತೆ ನಲವತ್ತಕ್ಕೂ ಹೆಚ್ಚು ಜನ ಕಾಸೆಲ್‌ನನ್ನು ಸೇರಲು ಹೊರಟರು. ಡಿ ಮೊಯಿನ್ ನದಿಯನ್ನೇ ಹಿಡಿದುಕೊಂಡು ನಡೆದರು, ನಡೆದರು, ನ್ಯೂ ಸ್ವೀಡನ್ ಸಿಗಲೇ ಇಲ್ಲ. ನೂರು ಮೈಲಿಗೂ ಜಾಸ್ತಿ ಮೇಲಕ್ಕೆ, ಬೂನ್ ಕೌಂಟಿಗೆ ಹೋಗಿ, ‘ಇನ್ನು ಸಾಕು’ ಎಂದು ಅಲ್ಲೇ ಇಳಿದರು. ಆ ಊರು ಈಗಿನ ಮ್ಯಾಡ್ರಿಡ್.

ಸುಮಾ ಇನ್ ಶಿಕಾಗೋ

ಸ್ವೀಡನ್‌ನವರು ದಾರಿ ತಪ್ಪಿ ಕಟ್ಟಿದ ಊರಿಗೆ ಸ್ಪೇನ್ ರಾಜಧಾನಿಯ ಹೆಸರು. ಅಮೆರಿಕ ಅಂದರೆ ಇದೇ 😄

ಫೇರ್‌ಫೀಲ್ಡ್ ಹುಡುಗ

ಒಂದು ಸಂದೇಹ. ಸ್ವೀಡನ್‌ನವರು ಬಂದ ತಕ್ಷಣ ಜಮೀನು ಕೊಳ್ಳಬಹುದಿತ್ತು. ಆಗ ನಮ್ಮಂಥವರು ಯಾರಾದರೂ ಹೋಗಿದ್ದರೆ?

ಹೊಲದ ಬದು

ಹರಾಜಿನಲ್ಲಿ ದುಡ್ಡು ಎಣಿಸಿ ಕೊಳ್ಳುವುದು ಒಂದು ಮಾತು. 1841ರ ಕಾಯ್ದೆಯಲ್ಲಿ ಆ ‘ಮೊದಲು ಕೊಳ್ಳುವ ಹಕ್ಕು’ ಬೇಕಾದರೆ ನೀವು ನಾಗರಿಕರಾಗಿರಬೇಕು ಅಥವಾ ಆಗುತ್ತೇನೆ ಎಂದು ಅರ್ಜಿ ಕೊಟ್ಟಿರಬೇಕು. 1790ರ ಕಾಯ್ದೆ ಪ್ರಕಾರ ಹೊರಗಿನಿಂದ ಬಂದು ನಾಗರಿಕನಾಗಲು ‘ಸ್ವತಂತ್ರ ಬಿಳಿಯ’ನೇ ಆಗಬೇಕು. ಭಾರತದವರ ಮೇಲೂ ಇದೇ ಬಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ‘ನೀವು ಬಿಳಿಯರಲ್ಲ’ ಎಂದು ತೀರ್ಪು ಕೊಟ್ಟಿತು. ಭಾರತದವರಿಗೆ ಬಾಗಿಲು ತೆರೆದಿದ್ದು 1946ರಲ್ಲಿ.

ಕರಿಯರ ಕಥೆ ಇನ್ನೂ ಕೆಟ್ಟದ್ದು. ಅಯೋವಾ ಗುಲಾಮಗಿರಿ ಇಲ್ಲದ ಸೀಮೆ ಎಂದು ಹೆಮ್ಮೆ. ಆದರೆ 1839ರಲ್ಲಿ, ಅಂದರೆ ಈ ಕೌಂಟಿ ಹುಟ್ಟಿದ ವರ್ಷವೇ, ಅಲ್ಲಿ ನೆಲೆಸಬೇಕಾದರೆ ಕರಿಯರು 500 ಡಾಲರ್ ಬಾಂಡ್ (ಜಾಮೀನು) ಕೊಡಬೇಕು ಎಂದು ಕಾನೂನು ಮಾಡಿದರು. ಮೇಲೆ ಲೆಕ್ಕ ಹಾಕಿದ್ದೀರಲ್ಲ, 160 ಎಕರೆಗೇ 200 ಡಾಲರ್.

ಹಳೇ ನಕ್ಷೆ

ಅದೇ ವರ್ಷ ಜುಲೈನಲ್ಲಿ ರಾಲ್ಫ್ ಎಂಬ ಕರಿಯನನ್ನು ಮಿಸೌರಿಯ ಯಜಮಾನ ಹಿಡಿದುಕೊಂಡು ಹೋಗಲು ನೋಡಿದಾಗ, ಅಯೋವಾ ಸುಪ್ರೀಂ ಕೋರ್ಟ್ ಅವನನ್ನು ಬಿಡಿಸಿತು ಎನ್ನುವುದನ್ನೂ ಸೇರಿಸಿ. ಎರಡೂ ಒಂದೇ ವರ್ಷದ ಅಯೋವಾ. ಪಕ್ಕದ ಸೇಲಂ ಊರಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಓಡಿ ಬಂದ ಗುಲಾಮರನ್ನು ಮನೆಯಲ್ಲಿ ಬಚ್ಚಿಡುತ್ತಿದ್ದರು.

ಡಾಲಸ್ ಪ್ರಕಾಶ

ಎಲ್ಲಾ ದೇಶದಲ್ಲೂ ಇಂಥದ್ದು ಆಗಿದೆ. ಒಂದು ಕೌಂಟಿಯನ್ನು ಹಿಡಿದುಕೊಂಡು ಯಾಕಿಷ್ಟು ಜಗ್ಗಾಟ?

ಮಂಡ್ಯದ ಗೌಡ

ಥ್ರೆಡ್ ಹೆಸರು ಓದಿ ಸ್ವಾಮಿ. ಆ ಕೌಂಟಿ ಬಗ್ಗೆಯೇ ಕೇಳಿರೋದು.

ಅಯೋವಾ ಅಕ್ಕ

ಮೆಸ್ಕ್ವಾಕಿ ಜನ ಆಮೇಲೆ ಏನಾದರು ಎಂದು ಯಾರೂ ಕೇಳಲಿಲ್ಲವಲ್ಲ. ಕಥೆಯ ಗಟ್ಟಿ ಭಾಗ ಅದೇ.

1842ರ ಅಕ್ಟೋಬರ್‌ನಲ್ಲಿ, ಫೇರ್‌ಫೀಲ್ಡ್‌ನಿಂದ ಪಶ್ಚಿಮಕ್ಕೆ ಒಟ್ಟಮ್ವಾ ದಾರಿಯಲ್ಲಿರುವ ಏಜೆನ್ಸಿ ಎಂಬ ಊರಿನಲ್ಲಿ ಕೊನೆಯ ಒಪ್ಪಂದ ಆಯಿತು. ಉಳಿದ ಜಮೀನೆಲ್ಲ ಹೋಯಿತು, ಒಂದು ಕೋಟಿ ಎಕರೆಗೂ ಜಾಸ್ತಿ. 1843ರ ಏಪ್ರಿಲ್ 30ರ ರಾತ್ರಿ ವಲಸೆಗಾರರು ಗಡಿಯಲ್ಲಿ ಕಾದು ನಿಂತಿದ್ದರು. ನಡುರಾತ್ರಿ ಬಂದೂಕಿನ ಸದ್ದಾದ ಕೂಡಲೇ ಪಂಜು ಹಿಡಿದು ನುಗ್ಗಿ ಕತ್ತಲಲ್ಲೇ ಗಡಿ ಗುರುತು ಹಾಕಿಕೊಂಡರು. ಬೆಳಗಾದಾಗ ಎಷ್ಟೋ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು, ಜಗಳಕ್ಕೆ ಕೊನೆಯಿಲ್ಲ. 1845ಕ್ಕೆ ಸಾಕ್ ಮತ್ತು ಮೆಸ್ಕ್ವಾಕಿ ಇಬ್ಬರನ್ನೂ ಕಾನ್ಸಾಸ್ ಕಡೆ ಸಾಗಹಾಕಿದರು.

ಆದರೆ ಮೆಸ್ಕ್ವಾಕಿಗಳಲ್ಲಿ ಕೆಲವರು ಹೋಗಲೇ ಇಲ್ಲ, ಕೆಲವರು ಹೋಗಿ ವಾಪಸ್ ಬಂದರು. 1856ರಲ್ಲಿ ಅವರು ಇಲ್ಲಿ ಇರಬಹುದು ಎಂದು ರಾಜ್ಯವೇ ಕಾನೂನು ಮಾಡಿತು. 1857ರ ಜುಲೈನಲ್ಲಿ ತಮ್ಮದೇ ದುಡ್ಡು ಕೂಡಿಸಿ ಟಾಮಾ ಕೌಂಟಿಯಲ್ಲಿ ಅಯೋವಾ ನದಿ ಪಕ್ಕ 80 ಎಕರೆ ಕೊಂಡರು. ಬೆಲೆ 1,000 ಡಾಲರ್.

ಗೌಡ್ರೇ, ಲೆಕ್ಕ ನಿಮಗೆ ಇಷ್ಟ ಅಲ್ವಾ? ಎಕರೆಗೆ ಹನ್ನೆರಡೂವರೆ ಡಾಲರ್. ಹನ್ನೊಂದು ಸೆಂಟ್ ಲೆಕ್ಕದಲ್ಲಿ ಕೊಟ್ಟವರು ನೂರು ಪಟ್ಟಿಗೂ ಜಾಸ್ತಿ ಕೊಟ್ಟು ಕೊಂಡರು. ಈಗ ಅವರ ಬಳಿ 8,000 ಎಕರೆಗೂ ಹೆಚ್ಚಿದೆ. ಅದನ್ನು ರಿಸರ್ವೇಷನ್ (ಸರ್ಕಾರ ಮೂಲನಿವಾಸಿಗಳಿಗೆ ಮೀಸಲಿಟ್ಟ ಜಾಗ) ಅನ್ನಬೇಡಿ, ಅವರಿಗೆ ಸಿಟ್ಟು ಬರುತ್ತದೆ. ಸರ್ಕಾರ ಕೊಟ್ಟ ಜಾಗ ಅಲ್ಲ, ಅವರೇ ಕೊಂಡಿದ್ದು. ‘ಸೆಟ್ಲ್‌ಮೆಂಟ್’ ಅನ್ನುತ್ತಾರೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಪೌವೌ ಎಂಬ ಹಾಡು-ಕುಣಿತದ ಹಬ್ಬ ನಡೆಯುತ್ತದೆ, ಹೊರಗಿನವರೂ ಹೋಗಬಹುದು. ನಾವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ. ಕುಣಿತ ನೋಡುವಾಗ ಫೋಟೋ ತೆಗೆಯುವ ಮುಂಚೆ ಕೇಳಿ, ಅಷ್ಟೇ.

ಮಂಡ್ಯದ ಗೌಡ

ಅಕ್ಕಾ, ಈ ಲೆಕ್ಕ ನೋಡಿ ಮಾತೇ ಹೊರಡುತ್ತಿಲ್ಲ. ಬ್ಲ್ಯಾಕ್ ಹಾಕ್ ಏನಾದ?

ಹಳೇ ನಕ್ಷೆ

ಬಿಡುಗಡೆ ಆಗಿ ಬಂದು ಅಯೋವಾದಲ್ಲೇ 1838ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಮರುವರ್ಷ ಗೋರಿ ಅಗೆದು ಅವನ ಮೂಳೆಗಳನ್ನು ಕದ್ದರು. ಮನೆಯವರ ದೂರಿನ ಮೇಲೆ ಗವರ್ನರ್ ಅದನ್ನು ವಾಪಸ್ ತರಿಸಿದ. ಕೊನೆಗೆ ಬರ್ಲಿಂಗ್ಟನ್‌ನ ಒಂದು ಸಂಗ್ರಹಾಲಯದಲ್ಲಿದ್ದು, 1855ರಲ್ಲಿ ಆ ಕಟ್ಟಡದ ಜೊತೆಗೇ ಸುಟ್ಟು ಹೋಯಿತು. ಇವತ್ತು ಜೆಫರ್ಸನ್ ಕೌಂಟಿಯ ಒಂದು ಟೌನ್‌ಶಿಪ್‌ಗೆ ಅವನ ಹೆಸರಿದೆ.

ಡಾಲಸ್ ಪ್ರಕಾಶ

ಒಳ್ಳೆಯ ವಿಷಯವೂ ಹೇಳಿ ಒಂದಾದರೂ. ಅಯೋವಾ ಸ್ಟೇಟ್ ಫೇರ್ ಮೊದಲು ನಡೆದಿದ್ದು ಫೇರ್‌ಫೀಲ್ಡ್‌ನಲ್ಲೇ ಅಲ್ವಾ?

ಅಯೋವಾ ಅಕ್ಕ

ಹೌದು, ಇದು ನಿಜ. 1854ರ ಅಕ್ಟೋಬರ್ ಕೊನೆಯಲ್ಲಿ ಮೂರು ದಿನ. ರೈಲು ಬಂದಿದ್ದು 1858ರಲ್ಲಿ, ಹಾಗಾಗಿ ಎಲ್ಲರೂ ಗಾಡಿ, ಕುದುರೆ, ಕಾಲ್ನಡಿಗೆಯಲ್ಲೇ ಬಂದವರು. ಹೆಂಗಸರ ಕುದುರೆ ಸವಾರಿ ಸ್ಪರ್ಧೆ ಇತ್ತು, ಬಹುಮಾನ ಚಿನ್ನದ ಗಡಿಯಾರ. ಜನರಿಗೆಲ್ಲ ಇಷ್ಟವಾಗಿದ್ದು ಹದಿಮೂರು ವರ್ಷದ ಒಬ್ಬ ಹುಡುಗಿ. ತೀರ್ಪುಗಾರರು ಬೇರೆಯವಳಿಗೆ ಕೊಟ್ಟರು. ಜನ ರೇಗಿ, ಅಲ್ಲೇ ಟೋಪಿ ಹಿಡಿದು ಚಂದಾ ಎತ್ತಿ ಆ ಹುಡುಗಿಗೆ ಕೊಟ್ಟರು.

ಲಿಂಕೋಪಿಂಗ್ ಕನ್ನಡಿಗ

ರಿಯಾಲಿಟಿ ಶೋ ತೀರ್ಪಿನ ಜಗಳ ಆಗಲೇ ಶುರು.

ಹೊಲದ ಬದು

ಒಂದು ಅಂಕಿ ಮಾತ್ರ ನನ್ನನ್ನು ಕಾಡುತ್ತಿದೆ. 1860ರಲ್ಲಿ 15 ಸಾವಿರ ಜನ. 2020ರಲ್ಲೂ ಅಲ್ಲಿ 15 ಸಾವಿರದ ಆಸುಪಾಸೇ. ಟ್ರ್ಯಾಕ್ಟರ್ ಬಂತು, ಹೊಲ ದೊಡ್ಡದಾಯಿತು, ಮಕ್ಕಳು ಊರು ಬಿಟ್ಟರು. ಫೇರ್‌ಫೀಲ್ಡ್‌ನ ಪಾರ್ಸನ್ಸ್ ಕಾಲೇಜು 1973ರಲ್ಲಿ ದಿವಾಳಿಯಾಗಿ, ಮರುವರ್ಷ ಮಹರ್ಷಿಯವರ ಕಡೆಯವರು ಆ ಕ್ಯಾಂಪಸ್ ಕೊಳ್ಳದಿದ್ದರೆ ಇನ್ನೂ ಕಮ್ಮಿಯಾಗುತ್ತಿತ್ತೋ ಏನೋ.

ಡಾಲಸ್ ಪ್ರಕಾಶ

ನೋಡಿ, ಕೊನೆಗೆ ಭಾರತದವರೇ ಊರು ಉಳಿಸಿದ್ದು!

ಅಯೋವಾ ಅಕ್ಕ

ಬಂದು ಮನೆ ಮಾಡಿದವರಲ್ಲಿ ಅಮೆರಿಕದವರೇ ಜಾಸ್ತಿ ಪ್ರಕಾಶ್. ಸುಮ್ನೆ ಇರಿ.

ಫೇರ್‌ಫೀಲ್ಡ್ ಹುಡುಗ

ಧ್ಯಾನದ ಚರ್ಚೆ ಬೇಡ ಅಂದಿದ್ದೆ, ದಯವಿಟ್ಟು 🙏 ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ನಾವು ಮೂವರು ಮೊದಲು ನ್ಯೂ ಸ್ವೀಡನ್, ಆಮೇಲೆ ಏಜೆನ್ಸಿ ನೋಡಿ ಬರುತ್ತೇವೆ. ಏಜೆನ್ಸಿಯಲ್ಲಿ ನೋಡುವಂಥದ್ದು ಏನಿದೆ?

ಹಳೇ ನಕ್ಷೆ

ಮೆಸ್ಕ್ವಾಕಿ ಮುಖಂಡ ವಾಪೆಲ್ಲೋನ ಸಮಾಧಿ ಇದೆ, 1842ರದ್ದು. ಅಲ್ಲಿದ್ದ ಸರ್ಕಾರಿ ಏಜೆಂಟ್ ಜೋಸೆಫ್ ಸ್ಟ್ರೀಟ್ ಅವನ ಗೆಳೆಯ. ಅವನ ಪಕ್ಕದಲ್ಲೇ ನನ್ನನ್ನು ಹೂಳಿ ಎಂದು ವಾಪೆಲ್ಲೋ ಕೇಳಿಕೊಂಡಿದ್ದ, ಹಾಗೇ ಮಾಡಿದರು. ರೈಲು ಹಳಿಯ ಪಕ್ಕದಲ್ಲೇ ಇದೆ, ಬೋರ್ಡ್ ನೋಡಿಕೊಂಡು ಹೋಗಿ.

ನಿವೃತ್ತ ಸರ್ವೆಯರ್

ತಮ್ಮಾ, ಹೋಗುವ ದಾರಿಯಲ್ಲಿ ಸೊಟ್ಟ ರಸ್ತೆ ಸಿಕ್ಕರೆ ಫೋಟೋ ತೆಗೆದು ಇಲ್ಲಿ ಹಾಕು. ಯಾವ ಟೌನ್‌ಶಿಪ್ ಎಂದು ಬರೆಯೋದು ಮರೀಬೇಡ.